ಅರ್ಧ ಸುದ್ದಿ

ಮೂರು ದಿನ
ಮರಳು ಬಣ್ಣದ ಬಟ್ಟೆ ಹೊದ್ದು, ಹೊಟ್ಟೆಯಡಿ ಮಲಗಿ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ.
ತದ್ರಾರ್ತದ ಬಂಡೆಗಳು ಬೆಳಗ್ಗೆ ಕೆಂಪು,
ಮಧ್ಯಾಹ್ನ ಬಣ್ಣವೇ ಇಲ್ಲ,
ಸಂಜೆ ಮತ್ತೆ ಕೆಂಪು, ಆದರೆ ಬೇರೆ ಕೆಂಪು.
ಹಕ್ಕಿ ಮಾತ್ರ ಎಲ್ಲ ಹೊತ್ತೂ ಕಪ್ಪು,
ಎಲ್ಲ ಹೊತ್ತೂ ಆಚೆ ಕಲ್ಲಿನ ಮೇಲೆ.

ಮೊಳದುದ್ದದ ಲೆನ್ಸು. ಅದನ್ನು ಹೊರಲಿಕ್ಕೇ ಒಂದು ಒಂಟೆ
ಎಂದು ಅತ್ತಾಹೆರ್ ದಾರಿಯುದ್ದ ಹೇಳಿಕೊಂಡು ಬಂದಿದ್ದ.
ಸುಳ್ಳು. ಹೊತ್ತದ್ದು ನಾನೇ. ಒಂಟೆ ಹೊತ್ತದ್ದು
ಅವನ ಚಹಾದ ಸರಂಜಾಮು.
ಮೂಗಿನವರೆಗೆ ನೀಲಿ ಬಟ್ಟೆ ಸುತ್ತಿದ ಮನುಷ್ಯ;
ನಗುತ್ತಾನೋ ಇಲ್ಲವೋ ತಿಳಿಯುವುದು
ಕಣ್ಣಂಚಿನ ನೆರಿಗೆಯಿಂದ.
ಮೂರು ದಿನವೂ ಆ ನೆರಿಗೆಗಳಿಗೆ ಬಿಡುವಿರಲಿಲ್ಲ.

"ಮುಲಾ ಮುಲಾ," ಅಂದ. ಹಕ್ಕಿಯ ಹೆಸರು ಇಷ್ಟೇ,
ಮಗುವನ್ನು ರಮಿಸುವ ಹಾಗೆ ಎರಡು ಸಲ.
"ಸುದ್ದಿ ತರುವ ಹಕ್ಕಿ. ಒಳ್ಳೆ ಸುದ್ದಿ ಮಾತ್ರ.
ತಾನಾಗಿ ಗುಡಾರಕ್ಕೆ ಬರುತ್ತೆ. ನೀನ್ಯಾಕೆ
ಕಳ್ಳನ ಹಾಗೆ ಕಲ್ಲಿನ ಸಂದಿಯಲ್ಲಿ?"

ನಾಲ್ಕನೆಯ ದಿನ ಬ್ಯಾಟರಿ ಒಂದೇ ಗೆರೆಗೆ ಇಳಿದಿತ್ತು.
ಸಾಕೆಂದು ಎದ್ದು ಹೋಗಿ
ಅವನಕ್ಕ ಕೆಲ್ಲಾಳ ಒಲೆಯ ಹತ್ತಿರ ಕೂತೆ.
ಒಲೆಯೆಂದರೆ ಮರಳಲ್ಲಿ ಒಂದು ಗುಂಡಿ:
ಕೆಂಡ ಸರಿಸಿ, ಹಿಟ್ಟು ತಟ್ಟಿ ಮಲಗಿಸಿ,
ಬಿಸಿ ಮರಳು ಹೊದಿಸಿ, ಮೇಲೆ ಮತ್ತೆ ಕೆಂಡ.
ಅವಳ ಸೊಸೆ ಜಾನೆತ್‌ನ ಆಸ್ಪತ್ರೆಯಲ್ಲಿ, ದಿನ ತುಂಬಿ;
ಎರಡು ದಿನದ ದಾರಿ. ಫೋನಿಗೆ ಈ ಕಣಿವೆ ಗೊತ್ತಿಲ್ಲ.
ಕೆಲ್ಲಾ ಆ ಮಾತೇ ಎತ್ತಲಿಲ್ಲ.
ಬೂದಿಯನ್ನು ಮಾತ್ರ ಬೇಕಾದ್ದಕ್ಕಿಂತ ಹೆಚ್ಚು ಕೆದಕಿದಳು.

ಆಗ ಬಂತು.
ಹಾರಿ ಅಲ್ಲ, ಕುಪ್ಪಳಿಸುತ್ತ, ಬಾಡಿಗೆ ವಸೂಲಿಗೆ ಬಂದವರ ಹಾಗೆ.
ಬಿಳಿ ಬಾಲ ಒಮ್ಮೆ ಬಿಚ್ಚಿ ಮಡಿಚಿ,
ನನ್ನ ಬೂಟಿನ ದಾರವನ್ನು ಹುಳುವೆಂದು ಎಳೆದು,
ಅಲ್ಲವೆಂದು ತಿಳಿದು,
ತಪ್ಪು ನನ್ನದೇ ಎಂಬಂತೆ ನೋಡಿತು.

ಲೆನ್ಸು ಎತ್ತಿದೆ. ಗುರ್ರ್, ಗುರ್ರ್,
ಒಳಗೆ ಗಾಜುಗಳು ಹಿಂದೆ ಮುಂದೆ ಓಡಿದವು, ಎಲ್ಲೂ ನಿಲ್ಲಲಿಲ್ಲ.
ನಾಲ್ಕು ಗಜದಾಚೆ ಇದ್ದರಷ್ಟೇ ಅದಕ್ಕೆ ಕಣ್ಣು.
ದೂರವನ್ನು ಹತ್ತಿರ ತರಲಿಕ್ಕೆಂದು ಸಾಲ ಮಾಡಿ ಕೊಂಡದ್ದು;
ಹತ್ತಿರವೇ ಹತ್ತಿರ ಬಂದರೆ ಏನು ಮಾಡಬೇಕೆಂದು
ಅಂಗಡಿಯವನು ಹೇಳಿರಲಿಲ್ಲ.
ಕೂತಲ್ಲೇ ತೆವಳಿ ಹಿಂದೆ ಸರಿದೆ. ಅದು ಮುಂದೆ ಬಂತು.
ಇನ್ನೂ ಸರಿದೆ. ಇನ್ನೂ ಬಂತು.
ಹೀಗೆ ನಾವಿಬ್ಬರೂ ಒಲೆಗೆ ಅರ್ಧ ಪ್ರದಕ್ಷಿಣೆ ಹಾಕುವಷ್ಟರಲ್ಲಿ
ಅತ್ತಾಹೆರ್ ಮುಸುಕು ಜಾರಿದ್ದೂ ತಿಳಿಯದೆ ನಕ್ಕ.
ಅವನ ಬಾಯಿ ಮೊದಲ ಸಲ ಕಂಡೆ: ಮುಂದಿನ ಹಲ್ಲು ಒಂದಿಲ್ಲ.
ಆ ಚಿತ್ರ ತೆಗೆಯಲಿಲ್ಲ.

ಹಕ್ಕಿಯದು ಒಂದೇ ಒಂದು ಸಲ ಒತ್ತಿದೆ.

ಕೆಲ್ಲಾ ಬಗ್ಗಿ, ಮೆಲ್ಲಗೆ, ಅದನ್ನು ಏನೋ ಕೇಳಿದಳು.
ಹಕ್ಕಿ ಒಂದು ಇರುವೆ ತಿಂದಿತು.
"ಏನಂತೆ?" ಅಂದೆ.
"ನೆತ್ತಿ ನೋಡು," ಅಂದಳು, "ಇನ್ನೂ ಕಪ್ಪು.
ದೊಡ್ಡದಾದ ಮೇಲೆ ಬಿಳಿ ಟೋಪಿ ಬರುತ್ತೆ ಇದಕ್ಕೆ.
ಎಳೇದು. ಅರ್ಧ ಸುದ್ದಿಯಷ್ಟೇ ಗೊತ್ತು:
ಹೆರಿಗೆ ಆಯ್ತಂತೆ. ಗಂಡೋ ಹೆಣ್ಣೋ
ನೋಡೋದು ಮರೆತು ಬಂದಿದೆ."

ಬ್ಯಾಟರಿ ಸಾಯುವ ಮುಂಚೆ ಚಿತ್ರ ತೋರಿಸಿದೆ.
ಹಕ್ಕಿ ಒಂದು ಕಪ್ಪು ಗೀಚು, ತುದಿಯಲ್ಲಿ ಬಿಳಿ ಕಲೆ,
ಯಾರೋ ಒರೆಸಲು ಹೋಗಿ ಬಿಟ್ಟಂತೆ.
ಅದರ ಹಿಂದೆ, ಒಲೆಯಾಚೆ, ಕೂದಲೆಳೆಯಷ್ಟೂ ತಪ್ಪದೆ,
ಕೆಲ್ಲಾಳ ಕೈ: ಗೆಣ್ಣಿನ ಮಡಿಕೆಯೊಳಗೆ ಕೂತ ಬೂದಿ,
ಮಾಸಿದ ಗೋರಂಟಿ, ಬೆಳ್ಳಿಯುಂಗುರ,
ಕೆದಕುವ ಕಡ್ಡಿಯ ತುದಿಯಲ್ಲಿ ಒಂದು ಕಿಡಿ.

ತಪ್ಪಿಹೋಯಿತು, ಅಂದೆ.
ಅವಳು ಬಹಳ ಹೊತ್ತು ನೋಡಿದಳು, ಪರದೆ ಕಪ್ಪಾದ ಮೇಲೂ.
ಆಮೇಲೆ ಗಾಳಿ ಮೂಸಿ, "ಅಯ್ಯೋ, ರೊಟ್ಟಿ!" ಎಂದು
ಮರಳು ತೋಡಿದಳು.

ಒಂದು ಬದಿ ಸೀದಿತ್ತು. ಹಾಗೇ ಮುರಿದು ಹಂಚಿದಳು:
ತಮ್ಮನಿಗೆ, ನನಗೆ, ಅದಕ್ಕೆ.
ಇನ್ನೊಂದು ತುಂಡು, ಸೀಯದ್ದು,
ಪಕ್ಕದ ಕಲ್ಲಿನ ಮೇಲಿಟ್ಟಳು,
ಉಳಿದರ್ಧ ತರಬೇಕಾದ
ಬಿಳಿ ತಲೆಯವನಿಗೆ.